ಎಂಟು ಕಣ್ಣುಗಳ ಡಬ್ಬಿ

ವರ್ಷಕ್ಕೊಂದು ಸಲ, ಹತ್ತನೇ ತರಗತಿಗೆ ಬೆಳಕಿನ ಪಾಠ ಬಂದಾಗ,
ಲಷ್ಕರ್ ಮೊಹಲ್ಲಾದ ದಸ್ತಗೀರನ ಅಂಗಡಿಗೆ ನನ್ನನ್ನೇ ಕಳಿಸುತ್ತಾರೆ.
ಬೆಳಿಗ್ಗೆ ಆರಕ್ಕೇ ಹೋಗಬೇಕು, ತಡವಾದರೆ ಮಂಜು ಕಟ್ಟುತ್ತದೆ.
ನಾಲ್ಕು ಆಡು, ಎಂಟು ಕಣ್ಣು, ಒಂದು ಸ್ಟೀಲಿನ ಡಬ್ಬಿ.
"ತಿನ್ನೋದಕ್ಕಾ?" ಅಂತ ಪ್ರತಿ ವರ್ಷ ಕೇಳುತ್ತಾನೆ.
"ನೋಡೋದಕ್ಕೆ" ಅನ್ನುತ್ತೇನೆ.

ತುಂಗೆಯ ಸೇತುವೆ ಮೇಲೆ ಸೈಕಲ್ಲು ಕುಕ್ಕಿದಾಗಲೆಲ್ಲ
ಒಳಗೆ ಅವು ಒಂದನ್ನೊಂದು ಗುದ್ದಿಕೊಳ್ಳುವ ಮೆತ್ತನೆ ಸದ್ದು.

ನಾನು ಮೇಷ್ಟ್ರಲ್ಲ. ಲ್ಯಾಬಿನ ಅಟೆಂಡರ್, ಹಾಲೇಶಪ್ಪ.
ಇಪ್ಪತ್ತೆರಡು ವರ್ಷ ಬಾಗಿಲಿಗೊರಗಿ ಕೇಳಿದ್ದಕ್ಕೆ
ಪಾಠ ನನಗೂ ಬಾಯಿಗೆ ಬಂದಿದೆ.

ಫ್ಲೋರಿನ್ ಮೇಡಂ ಮೊದಲು ತೋರಿಸುವುದು ಮುಂದಿನ ಗಾಜು:
"ಬೆಳಕನ್ನು ಹೆಚ್ಚು ಬಗ್ಗಿಸೋದು ಇದೇ, ಕಾರ್ನಿಯಾ.
ಹೆಸರು ಮಾತ್ರ ಒಳಗಿನ ಮಸೂರಕ್ಕೆ."
ಬೀಕರು ತೊಳೆಯುವವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಪಾಪೆ. ಆಡಿನದು ಅಡ್ಡ ಸೀಳು,
ಅಂಚೆ ಡಬ್ಬಿಯ ಬಾಯಿ.
ಬಿಸಿಲಿಗೆ ಕಿರಿದಾಗಿ, ಮುಸ್ಸಂಜೆಗೆ ಅಗಲವಾಗಿ,
ಇಂದು ಎಷ್ಟು ಟಾರ್ಚು ಬಿಟ್ಟರೂ ಅಷ್ಟೇ.

ಕತ್ತರಿ ಇಳಿದದ್ದೇ ಕರಿನೀರು ಚಿಮ್ಮಿ
ಮಾಲತೇಶ ಬೆಂಚಿಗೆ ಕುಸಿದ.
ಮುಖಕ್ಕೆ ನೀರು ಹೊಡೆಯುವುದೂ ನನ್ನ ಡ್ಯೂಟಿ.

ಮಸೂರ ಹೊರಬಂತು. ಹೆಸರು ಬೇಳೆಯದು, ಗಾತ್ರ ಗೋಲಿಯದು.
ಸುತ್ತ ಜೇಡನ ನೂಲಿನಂಥ ಎಳೆ, ಎಳೆಯಾಚೆ ಸ್ನಾಯುವಿನ ಬಳೆ.
ಬಳೆ ಸಡಿಲವಿದ್ದರೆ ಎಳೆ ಬಿಗಿ, ಮಸೂರ ಚಪ್ಪಟೆ:
ಗುಡ್ಡ ಕಾಣುತ್ತದೆ.
ಬಳೆ ಬಿಗಿದು ಕಿರಿದಾದರೆ ಎಳೆ ಸಡಿಲ, ಮಸೂರ ಉಬ್ಬಿ
ಸೂಜಿಯ ಕಣ್ಣು ಕಾಣುತ್ತದೆ.
"ಹತ್ತಿರದ್ದಕ್ಕೇ ಕಣ್ಣು ದುಡಿಯೋದು" ಅಂದರು ಮೇಡಂ,
"ದೂರಕ್ಕೆ ಅದು ಸುಮ್ಮನೆ ಒರಗಿರುತ್ತೆ.
ವಯಸ್ಸಾದ ಹಾಗೆ ಮಸೂರ ಗಟ್ಟಿ. ಬಳೆ ಎಷ್ಟು ಬಿಗಿದರೂ ಉಬ್ಬೋದಿಲ್ಲ."
ಯಾಕೋ ನನ್ನ ಕಡೆ ನೋಡಿದರು.

ಹಿಂಗೋಡೆ, ಡೀಸೆಲ್ ಚೆಲ್ಲಿದ ರಸ್ತೆಯ ನೀಲಿ ಹಸಿರು.
ರಾತ್ರಿ ಬಸ್ಸಿನ ದೀಪಕ್ಕೆ ಹೊಳೆಯುವುದು ಅದೇ; ನಮಗಿಲ್ಲ.
ಅದರ ಮೇಲೆ ಒದ್ದೆ ಹಾಳೆಯಂತೆ ರೆಟಿನಾ,
ನರ ಹೊರಡುವ ಒಂದು ಕಡೆ ಮಾತ್ರ ಗಟ್ಟಿ ಹಿಡಿದುಕೊಂಡಿದೆ.
ಸುದ್ದಿ ಹೊರಡುವ ಆ ಜಾಗವೇ ಕುರುಡಂತೆ.

ಆಫ್ರೀನ್ ಚಿಮಟದಲ್ಲಿ ಮಸೂರ ಎತ್ತಿ
ಕಿಟಕಿಗೆದುರು ಬಿಳಿ ಹಾಳೆ ಹಿಡಿದಳು.
ಹಿಂದೆ, ಮುಂದೆ, ಇನ್ನೊಂದು ಕೂದಲೆಳೆ. ಈಗ:
ನೀರಿನ ಟ್ಯಾಂಕು ತಲೆಕೆಳಗು, ಅದರ ಮೇಲಿನ ಕಾಗೆಯೂ.
"ಹಂಗಾದ್ರೆ ಆಡಿಗೆ ನಾವೆಲ್ಲ ಉಲ್ಟಾನಾ ಮಿಸ್?"
"ನಮಗೂ ಹಾಗೇ. ತಿರುಗಿಸಿಕೊಳ್ಳೋದು ಮೆದುಳು."
ಇವತ್ತು ಮುಂಜಾನೆ ದಸ್ತಗೀರನೂ
ತಲೆಕೆಳಗಾಗಿಯೇ ಬಂದಿರಬೇಕು, ಆ ಅಡ್ಡ ಬಾಯಿಯ ಮೂಲಕ.

ಬೆಲ್ಲಾಯಿತು. ತಟ್ಟೆ ತೊಳೆದೆ, ಡೆಟಾಲು ಹಾಕಿ ಬೆಂಚು ಒರೆಸಿದೆ.
ಹಾಜರಿ ಪುಸ್ತಕವನ್ನು ಈಚೆಗೆ ತೋಳುದ್ದ ಹಿಡಿಯುತ್ತೇನೆ.
ಇವತ್ತು ತೋಳು ಸಾಲಲಿಲ್ಲ.
ಯಾರೂ ಇಲ್ಲದ್ದು ನೋಡಿ
ಉಳಿದಿದ್ದ ಒಂದು ಮಸೂರವನ್ನು ಹಾಳೆಯ ಮೇಲಿಟ್ಟೆ.
ಅಕ್ಷರಗಳು ಎದ್ದು ಬಂದವು, ಗುಂಡಗೆ, ತಾಜಾ.

ಮೇ ತಿಂಗಳಲ್ಲೇ ನಿವೃತ್ತನಾದ ಜವಾನ ಬೋರಯ್ಯ
ಮೂರು ತಿಂಗಳಿಂದ ಹಾಜರಿದ್ದಾನೆ, ನನ್ನ ಸಹಿಯಲ್ಲಿ.
ಕೆಳಗಿನ ಸಾಲು, ಹಾಲೇಶಪ್ಪನದು, ಖಾಲಿ.

ಮಸೂರ ಎತ್ತಿದೆ. ಅದಿದ್ದಲ್ಲಿ
ರೂಪಾಯಿಯಗಲದ ಒದ್ದೆ,
ಅದರೊಳಗೆ ಬೋರಯ್ಯನ ಶಾಯಿ ನಿಧಾನವಾಗಿ ಹರಡುತ್ತಿತ್ತು.