ಎರಡು ಆಳಿನ ದೋಣಿ

ಹಾಸ್ಕೆಲನ ಕೊಟ್ಟಿಗೆಯ ಹಿಂದೆ ಅದು ಮೂರು ವರ್ಷ ಬೋರಲು ಬಿದ್ದಿತ್ತು,
ಹಸಿರು ಪ್ಲಾಸ್ಟಿಕ್ಕಿನ ಆಮೆಯ ಹಾಗೆ.
ಮಗುಚಿದರೆ ಒಳಗೆ ಕಣಜದ ಗೂಡು, ಒಂದು ಒಂಟಿ ಬೂಟು.
ನಲವತ್ತು ಡಾಲರು ಕೊಡು,
ಕೊಳದಲ್ಲಿ ಯಾವತ್ತು ಬೇಕಾದರೂ ಗಾಳ ಹಾಕು, ಅಂದ.
ಬೂಟು ನನ್ನದಲ್ಲ. ಅದನ್ನೂ ತಗೊಂಡು ನಡಿ.

ಹಿಂಬದಿಯ ಚೀಟಿಯಲ್ಲಿ ಅಕ್ಷರ ಇನ್ನೂ ಮಾಸಿರಲಿಲ್ಲ:
ಆಳು ಎರಡು. ಒಟ್ಟು ಭಾರ ಐನೂರು ಪೌಂಡು.
ಅದರಲ್ಲಿ ಅರ್ಧ ನಾನೇ ತಿಂದುಬಿಡುತ್ತೇನೆ.
ಬ್ಯಾಟರಿಗೆ ಐವತ್ತು, ಮೋಟಾರಿಗೆ ಇಪ್ಪತ್ತೈದು,
ಲಂಗರಿಗೆ, ಹಾಲಿನ ಡಬ್ಬಿಯಲ್ಲಿ ಗಟ್ಟಿಯಾದ ಸಿಮೆಂಟು, ಹತ್ತು.
ಮಿಕ್ಕಿದ್ದು ಟ್ವೈಲಾಳ ಪಾಲು.

ಟ್ವೈಲಾ ರೊಂಡಾಳ ಮಗಳು. ಹನ್ನೆರಡು ತುಂಬಿದೆ.
ನಾನು ಈ ಮನೆಗೆ ಬಂದು ಹನ್ನೊಂದು ತಿಂಗಳು.
ಅವಳು ನನ್ನನ್ನು ಇನ್ನೂ ಏನಂತಲೂ ಕರೆದಿಲ್ಲ.
ಉಪ್ಪಿನ ಡಬ್ಬಿ ಬೇಕಾದರೆ ಒಮ್ಮೆ ಕೆಮ್ಮುತ್ತಾಳೆ,
ನಾನು ತಿರುಗಿ ನೋಡುತ್ತೇನೆ.
ಅಷ್ಟರಲ್ಲೇ ಮನೆ ನಡೆಯುತ್ತಿದೆ.

ರೊಂಡಾಗೆ ಕೋಳಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.
ಅರ್ಕನ್ಸಾದ ಅರ್ಧ ಕೋಳಿಗಳು ತನ್ನ ಕೈ ದಾಟಿಯೇ ಹೋಗುತ್ತವೆ ಅನ್ನುತ್ತಾಳೆ.
ಹಗಲು ಮನೆಯಲ್ಲಿ ಸದ್ದು ಮಾಡುವಂತಿಲ್ಲ.
ಹಾಗಾಗಿ ನಾವಿಬ್ಬರೂ ಹೊರಗೆ, ಓಕ್ ಮರದಡಿ, ದೋಣಿಯ ಜೊತೆ.

ಬಾಗಿಲು ಹಾಕಿದ ಮೋಟೆಲಿನಿಂದ ಸಿಕ್ಕ ಕಾರ್ಪೆಟ್ಟು, ಬಿಯರ್ ಬಣ್ಣದ್ದು,
ಅಳತೆಗೆ ಕತ್ತರಿಸಿ ತಳಕ್ಕೆ ಹಾಸಿದೆವು.
ಕಾಲಿನ ಸದ್ದಿಗೆ ಬಾಸ್ ಮೀನು ಓಡುತ್ತೆ, ಅಂದೆ.
ಅಮ್ಮನೂ ಏಳ್ತಾಳೆ ಅನ್ನುವಂತೆ ಅವಳು ಕಿಟಕಿಯ ಕಡೆ ನೋಡಿದಳು.
ಗಾಳದ ಕೋಲಿನ ಕೊಳವೆ ಕೂರಿಸಲು ಡ್ರಿಲ್ ಎತ್ತಿದಾಗ ಮಾತ್ರ ಬಾಯಿ ಬಿಟ್ಟಳು:
ದೋಣಿಗೆ ಯಾರಾದರೂ ತೂತು ಕೊರೀತಾರಾ?
ಆ ವಾರದ ಮೊದಲ ಪೂರ್ತಿ ವಾಕ್ಯ.
ಖುಷಿಗೆ, ನಾಲ್ಕು ಬೇಕಾದಲ್ಲಿ ಐದು ಕೊರೆದೆ.

ಕಷ್ಟದ ಪ್ರಶ್ನೆ ಬ್ಯಾಟರಿಯದು.
ನಾನು ಹಿಂದೆ ಕೂತರೆ ದೋಣಿಯ ಮೂತಿ ಮುಗಿಲು ಮೂಸುತ್ತದೆ.
ಅವಳ ತೂಕ ತಿಳಿಯದೆ ಲೆಕ್ಕ ಕೂಡದು,
ತೂಕ ಕೇಳಬಾರದೆಂದು ರೊಂಡಾಳ ಕಟ್ಟಪ್ಪಣೆ.
ಪೆನ್ಸಿಲು ಕಿವಿಗೆ ಸಿಕ್ಕಿಸಿ, ತೆಗೆದು, ಮತ್ತೆ ಸಿಕ್ಕಿಸಿ ನಿಂತೆ.
ಅವಳು ಶೆಡ್ಡಿನಿಂದ ಕೋಳಿಮೇವಿನ ಎರಡು ಮೂಟೆ ದರದರ ಎಳೆದು ತಂದು
ಮುಂದಿನ ಸೀಟಿನಲ್ಲಿ ಕೂರಿಸಿದಳು.
ಇಷ್ಟು. ಒಂದು ಬೆಕ್ಕು ಕಮ್ಮಿ.
ಮರಿ ಬೆಕ್ಕಾ, ದೊಡ್ಡದಾ?
ಯೋಚಿಸಿ ಹೇಳಿದಳು: ಬಸುರಿ.

ದಡದ ಮೊಣಕಾಲುದ್ದ ನೀರಲ್ಲಿ, ಹಲಗೆಯ ಮೇಲೆ,
ರಸಮಟ್ಟದ ಗುಳ್ಳೆ ಅತ್ತ ಇತ್ತ ಅಲೆದು ನಡುವೆ ನಿಂತಿತು.
ಬ್ಯಾಟರಿಗೆ ಜಾಗ ಸಿಕ್ಕಿದ್ದು ಅವಳ ಎರಡು ಪಾದಗಳ ನಡುವೆ.
ಮೇಲಕ್ಕೆಳೆದು, ಒಳಗಿನ ನೀರು ಬಸಿಯಲೆಂದು ಬಿರಡೆ ಬಿಚ್ಚಿ
ಅವಳ ಕೈಗೆ ಕೊಟ್ಟೆ,
ವೈರುಗಳ ಕೆಂಪು ಕಪ್ಪಿನಲ್ಲಿ ಮುಳುಗಿದೆ.

ಮೋಟಾರು ಕೈಕೊಟ್ಟರೆ ಇರಲಿ ಎಂದು ಎರಡು ಹುಟ್ಟು:
ಒಂದು ಹರಾಜಿನದು, ಒಂದು ನಾನೇ ಕೆತ್ತಿದ್ದು.
ಗೇಣು ವ್ಯತ್ಯಾಸ. ಹುಟ್ಟಿನಿಂದ ಜೋಡಿಯಲ್ಲ.
ಸುಮ್ಮನೆ ಎಳೆದರೆ ದೋಣಿ ಎಡಕ್ಕೆ ವಾಲುತ್ತದೆ,
ಗೊತ್ತಿದ್ದು ಎಳೆದರೆ ನೆಟ್ಟಗೆ.

ಶನಿವಾರ, ಬೆಳಕಿಗೆ ಮುಂಚೆ, ನಡುಕೊಳ.
ಅವಳ ಬೆನ್ನು, ಅವಳ ಟೋಪಿ, ಅದರಾಚೆ ಹಾಸ್ಕೆಲನ ಹಸುಗಳು.
ಮೊದಲ ಬ್ಲೂಗಿಲ್ ಅವಳಿಗೇ ಬಿತ್ತು, ಅಂಗೈಯಷ್ಟು, ಸಿಟ್ಟಿನದು.
ಭೇಷ್ ಅನ್ನಲು ಬಾಯಿ ತೆರೆದವನಿಗೆ ಕಾಲ್ಬೆರಳು ತಣ್ಣಗಾಯಿತು.
ಕಾರ್ಪೆಟ್ಟು ಬಿಯರಿನಿಂದ ಕಾಫಿ ಬಣ್ಣಕ್ಕೆ ತಿರುಗುತ್ತಿತ್ತು.
ಐದನೆಯ ತೂತು, ಅಂದುಕೊಂಡೆ.
ಹೆಬ್ಬೆರಳಿಂದ ತಡವಿದೆ. ಅದು ಒಣಗಿತ್ತು.
ದಾರದ ಗಂಟಿಗೂ ಗಾಳಿಯ ದಿಕ್ಕಿಗೂ ಎರಡು ವಾರ ಪಾಠ ಹೇಳಿದ ಬಾಯಿ,
ಅದೂ ಒಣಗಿತ್ತು.

ಮುಂದಿನ ಸೀಟಿನಿಂದ ಒಂದು ಕೆಮ್ಮು.

ಅವಳು ತಿರುಗಲಿಲ್ಲ. ಕೈಯೊಂದೇ ಹಿಂದಕ್ಕೆ ಚಾಚಿತ್ತು,
ಅಂಗೈಯಲ್ಲಿ ಬಿರಡೆ, ಜೇಬಿನ ಬಿಸಿಗೆ ಇನ್ನೂ ಬೆಚ್ಚಗೆ.
ಕೇಳ್ತೀಯೇನೋ ಅಂತ ಕಾದೆ, ಅಂದಳು, ಮೀನಿಗೆ ಹೇಳಿದ ಹಾಗೆ.

ಸೀಟಿನಡಿ ಕೈಯಿಟ್ಟು ತಿರುಪಿದೆ.
ಆಮೇಲೆ ಆ ಒಂಟಿ ಬೂಟಿನಲ್ಲಿ ನೀರು ಮೊಗೆದು ಮೊಗೆದು ಚೆಲ್ಲಿದೆ.
ಯಾರದೋ ಏನೋ,
ಒಂದು ಹನಿ ಸೋರಲಿಲ್ಲ.