ಕಿವುಡನ ಟಾಕೀಜು

ಮೊದಲ ಒಂದು ಮಾತು ಹೇಳಿಬಿಡ್ತೀನಿ:
ನನ್ನ ಕಿವಿ ಅಕ್ಕಲಕೋಟ ರೋಡಿನ ಮಗ್ಗ ತಿಂದಾವು,
ಎಡಗಡೀದು ಪೂರಾ, ಬಲಗಡೀದು ಮುಕ್ಕಾಲು.
ಮೂವತ್ತೊಂದು ವರ್ಷ ಟಾವೆಲ್ಲು, ಚಾದರ,
ನಾಕು ಮಗ್ಗದ ನಡುವ ನಿಂತು
ಖಟಾಖಟ್ ಖಟಾಖಟ್.
ಅದಕ್ಕ ಸಿನೆಮಾದ ಬಗ್ಗೆ ನನ್ನ ಅಭಿಪ್ರಾಯ ಅಂದ್ರ
ಬರೇ ಕಣ್ಣಿನ ಅಭಿಪ್ರಾಯ.
ಹಿಂದಿ ಇರಲಿ, ಮರಾಠಿ ಇರಲಿ,
ಅಂಬಾದಾಸ ಬಿಟ್ಲಾ ಎಳಕೊಂಡು ಹೋಗೋ ತೆಲುಗು ಇರಲಿ,
ದಾರಿ ತಪ್ಪಿ ಸೋಲಾಪುರಕ್ಕ ಬಂದ ಕನ್ನಡ ಇರಲಿ,
ನನಗ ಎಲ್ಲಾ ಒಂದ.

ಹೊಡದಾಟದ ಸಿನೆಮಾ ಸೇರತಾವು.
ಅಲ್ಲಿ ಯಾರೂ ಭಾಳ ಮಾತಾಡೂದಿಲ್ಲ,
ಮಾತಾಡಿದ್ರೂ ಹೊಡಿಯೂಕಿಂತ ಮೊದಲ ಒಂದ ಸಾಲು.
ಆದ್ರ ತಕರಾರು ಐತಿ.
ಇಪ್ಪತ್ತು ಮಂದಿ ಮೈಮ್ಯಾಲೆ ಬಿದ್ದು ಎಳದಾಡಿದ್ರೂ
ಹೀರೋನ ಅಂಗಿ ಹರಿಯೂದಿಲ್ಲ,
ಒಂದು ಗುಂಡಿ ಸೈತ ಕಿತ್ತು ಬೀಳೂದಿಲ್ಲ.
ಯಾವ ಮಗ್ಗದ್ದಪಾ ಅದು? ಎಷ್ಟನೇ ನಂಬರಿನ ನೂಲು?
ಆ ಮಾಲಕನ ಪತ್ತಾ ಕೊಡ್ರಿ,
ನಾಳಿನಿಂದ ಅಲ್ಲೇ ಕೆಲಸಕ್ಕ ಹೋಗ್ತೀನಿ.
ಮತ್ತ ಹೊಡದಾವನ್ನ ನೋಡಬ್ಯಾಡ್ರಿ, ಬೀಳಾವನ್ನ ನೋಡ್ರಿ.
ಅವ ನೆಟ್ಟಗ ಬಿದ್ರ ಸಿನೆಮಾ ನೆಟ್ಟಗ.
ಅವನ ಮನ್ಯಾಗೂ ಯಾರೋ ಭಾಕರಿ ಬಡಕೋತ ಕಾಯತಿರತಾರ.
ಸುಗಲಾ ಇದಕ್ಕ ನಗತಿದ್ಲು.

ಪ್ರೇಮದ ಸಿನೆಮಾ… ಏನು ಹೇಳಲಿ.
ಓಢಣಿ ಹಾರತೈತಿ.
ಹಿಂದಿನ ಗಿಡದಾಗ ಒಂದು ಎಲಿ ಅಲಗಾಡವಲ್ದು,
ಓಢಣಿ ಅಷ್ಟ ಹಾರತೈತಿ.
ಅದು ನೈಲಾನು. ಹತ್ತಿ ಹಂಗ ಹಾರೂದಿಲ್ಲ,
ಹತ್ತಿಗೆ ಮರ್ಯಾದಿ ಐತಿ.
ಆಮ್ಯಾಲೆ ಇಬ್ರೂ ಮಾತಾಡತಾರ, ಮಾತಾಡತಾರ,
ಮೂರು ತಾಸು ಬರೇ ತುಟಿ.
ಇಂಥಾದಕ್ಕ ನನಗ ಸುಗಲಾ ಬೇಕಾಗತಿದ್ಲು.
ಬಲಗಿವಿಗೆ ಬಾಯಿ ಹಚ್ಚತಿದ್ಲು,
ಕೈತುಂಬ ಬೀಡಿ ತಂಬಾಕದ ವಾಸನಿ.
'ಅಕಿ ಏನಂದ್ಲು ಗೊತ್ತೈತೇನು?
ನಿಮ್ಮವ್ವಗ ಹೇಳು, ಸೀರಿ ಉಡತೀನಿ,
ಸೆರಗು ಮಾತ್ರ ತಲಿಮ್ಯಾಲೆ ಹೊರೂದಿಲ್ಲ, ಅಂದ್ಲು.'
'ಅವ ಏನಂದ?'
'ಹಂಗಿದ್ರ ನಾಳಿಂದ ಶೇಂಗಾ ಹಿಂಡಿ ನಾನ ಕುಟ್ಟತೀನಿ, ಅಂದ.'
ಹಿಂದಿನ ಸಾಲಿನವರು ಶ್ ಶ್ ಅಂತಿದ್ರಂತ.
ನನಗ ಅದೂ ಕೇಳತಿದ್ದಿಲ್ಲ.

ಹಾಡಿನ ಸಿನೆಮಾದ ಬಗ್ಗೆ ಕಿವುಡ ಬಾಯಿ ತಗೀಬಾರದು,
ಅಂತಾನ ಅಂಬಾದಾಸ.
ಅವ ಹಾಡು ಬಂದ್ರ ಕಣ್ಣು ಮುಚ್ಚತಾನ.
ಯಾರು ಕಿವುಡ, ಯಾರು ಕುರುಡ?
ಐವತ್ತು ಮಂದಿ ಸಾಲು ಹಿಡದು ನಿಂತ್ರ ಹಾಸು,
ನಡುವ ತೂರಿಕೊಂಡು ಹೋಗಾಕಿ ಲಾಳಿ.
ಮೂರನೇ ಸಾಲಿನ್ಯಾಗ ಒಬ್ಬಾಕಿ ಇದ್ದ ಇರತಾಳ,
ಎಲ್ಲಾರ ಕೈ ಇಳದ ಮ್ಯಾಲೆ ತನ್ನ ಕೈ ಎತ್ತಾಕಿ.
ಮಗ್ಗದಾಗ ಆದ್ರ ಡಿಫೆಕ್ಟು, ಪಗಾರ ಕಟ್.
ನಾ ತಿಕೀಟು ತಗೊಂಡು ಹೋಗೂದ
ಅಕಿನ್ನ ಹುಡುಕಾಕ.

ಹ್ವಾದ ದೀಪಾವಳ್ಯಾಗ ಮೊಮ್ಮಗಳು ಪ್ರಾಂಜಲಿ
ಮೊಬೈಲಿನ್ಯಾಗ ಆ ಹಳೇ ತೆಲುಗು ಸಿನೆಮಾನ ಹಚ್ಚಿದ್ಲು.
ಕೆಳಗ ಇಂಗ್ಲಿಷ್ ಅಕ್ಷರ ಓಡತಿದ್ವು.
ಅಕಿ ಓದೋದು, ವಹ್ಯಾಗ ಬರಿಯೋದು, ನನಗ ತೋರಸೋದು.
ಮರಾಠಿ ಅಕ್ಷರದಾಗ ನಮ್ಮ ಕನ್ನಡ,
ನಮ್ಮಿಬ್ಬರಿಗೂ ಬರೂದು ಅದೊಂದ ಲಿಪಿ.
'ನೀ ಇಲ್ಲದ ನಾ ಬದುಕೂದಿಲ್ಲ' ಅಂದಾಳಂತ ಅಕಿ.
'ನಾನೂ' ಅಂದಾನಂತ ಅವ.
ಅಷ್ಟ.
ಸೆರಗಿಲ್ಲ, ಅವ್ವ ಇಲ್ಲ, ಶೇಂಗಾ ಹಿಂಡಿ ಇಲ್ಲ.

ಸುಗಲಾ ಮೂಲ್ಯಾಗ ಕೂತು ಬೀಡಿ ಎಲಿ ಕತ್ತರಸತಿದ್ಲು.
ಮಣಕಾಲು ಹಿಡದು ನಾಕು ವರ್ಷ,
ಟಾಕೀಜಿನ ಮೆಟ್ಟಲ ಅಕಿಗೆ ಆಗೂದಿಲ್ಲ.
'ಅಷ್ಟೂ ವರ್ಷ ಸುಳ್ಳ ಹೇಳಿದ್ಯಾ?' ಅಂದೆ.
ತಲಿ ಎತ್ತಲಿಲ್ಲ. ತುಟಿ ಅಷ್ಟ ಅಲಗಿದ್ವು.
ಪ್ರಾಂಜಲಿ ನಕ್ಕೋತ ಬರದು ತೋರಿಸಿದ್ಲು:
'ನನಗೆಲ್ಲಿ ತೆಲುಗು ಬರತಿತ್ತು?
ನೀವು ಪಡದಿ ಬಿಟ್ಟು ನನ್ನ ಮಾರಿ ನೋಡತಿದ್ರಿ.
ಏನಾರ ಹೇಳಬೇಕಲ್ಲ.'

ಅಂದ್ರ ಪ್ರೇಮದ ಸಿನೆಮಾ
ನಾ ಒಂದೂ ನೋಡಿಲ್ಲ ಅಂತಾತು.
ಆ ಬಗ್ಗೆ ಹೇಳಿದ್ದು ವಾಪಸ್ ತಗೋತೀನಿ.
ನೈಲಾನಿನ ಮಾತು ಬಿಟ್ಟು.