ಜಪಾನಿನ ಕಡುಬು

ಅಂಟಕ್ಕಿಯ ಹಿಟ್ಟು, ಸಕ್ಕರೆ, ನೀರು;
ಇಡ್ಲಿ ಪಾತ್ರೆಯಲ್ಲಿ ಹದಿನೈದು ನಿಮಿಷ ಹಬೆ.
ಮುಚ್ಚಳ ತೆಗೆದರೆ
ಹೊಳೆಯುವ ಗೋಂದು.

ದಾವಣಗೆರೆ ಮಂಡಿಪೇಟೆಯಲ್ಲೆಲ್ಲೂ
ಅವರ ಕೆಂಪು ಕಾಳಿಲ್ಲ.
ಅಲಸಂದೆಗೆ ಬೆಲ್ಲ ಹಾಕಿ ರುಬ್ಬಿದೆ,
ಥೇಟು ಹೋಳಿಗೆ ಹೂರಣ.

ಉಂಡೆ ಮುಚ್ಚಲು ಹೋದೆ,
ಹತ್ತು ಬೆರಳೂ ಒಂದಾದವು.
ಫೋನು ಬಡಕೊಂಡು ಬಡಕೊಂಡು ಸುಮ್ಮನಾಯಿತು.

ಪಕ್ಕದ ಮನೆ ಹೊನ್ನೂರಬಿ,
ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು,
ಹೊಸ್ತಿಲಲ್ಲೇ ನಕ್ಕಳು:
‘ನಮ್ಮಕ್ಕಿ ಬಿಸಿ ಮರಳಿಗೆ ಬಿದ್ರೆ
ಒಂದೊಂದೂ ಬೇರೆಬೇರೆ ಹಾರ್ತದೆ.
ಇದೇನವ್ವ, ಕೈ ಬಿಡಲ್ಲ ಅಂತದೆ!’

ಒಣಹಿಟ್ಟು ಉದುರಿಸಿಕೊಂಡು
ರೊಟ್ಟಿ ಬಡಿಯುವ ಅಂಗೈಯಲ್ಲೇ ತಟ್ಟಿ
ಹೂರಣವಿಟ್ಟು
ಬಾಯಿ ಚಿವುಟಿದಳು.

ಮೊದಲನೆಯದು ಅವಳಿಗೇ.
ಸೊಸೆಯ ಮೇಲೊಂದು ದೂರು
ಆಗಷ್ಟೇ ಎತ್ತಿದ್ದಳು;
ಅರ್ಧಕ್ಕೇ ಹಲ್ಲು ಅಂಟಿ
ಕಣ್ಣರಳಿಸಿ ಕೂತಳು.